ಧಣಿಯ ದನಿ

ಹನಿ ಹನಿ ಕೂಡಿದರೆ ಹಳ್ಳ, ಧಣಿ ಧಣಿ ಕೂಡಿದರೆ ಸುಳ್ಳ. ಗಾದೆ ಹೀಗಿಲ್ಲ ಎಂದು ನಿಮ್ಮ ಮೇಷ್ಟ್ರು ತಿದ್ದಬಹುದು. ನನ್ನ ಮೇಷ್ಟ್ರೂ ತಿದ್ದಿದ್ದರು. ಅವರು ಹಳ್ಳಕ್ಕೆ ಇಳಿದವರಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ನಾನು ಗಾದೆಯನ್ನೇ ಸುಳ್ಳು ಮಾಡಿದ್ದೇನೆ. ಇನ್ನು ಕಥೆಯನ್ನಾದರೂ ನಿಜ ಹೇಳಬೇಕು. ಹೇಳುತ್ತೇನೆ. ಇದರಲ್ಲಿ ಒಬ್ಬ ಸಾಯುತ್ತಾನೆ. ಒಂದು ಹಲ್ಲು ಮುರಿಯುತ್ತದೆ. ನಗು ಬಂದರೆ ನಗಿ, ನಾವೂ ನಕ್ಕಿದ್ದೇವೆ.

ನಾನು ಬಿ.ಎ. ಓದಿದವನು. ಓದಿ ಕೊಳಕ್ಕಿಳಿದವನು. ಬಿ.ಎ. ಅನ್ನುವುದನ್ನು ಬೇಗ ಬೇಗ ಹೇಳಿ ನೋಡಿ, ಕುರಿ ಕೂಗಿದ ಹಾಗಿರುತ್ತದೆ. ಅದಕ್ಕೇ ಏರಿಯಪ್ಪ ನನ್ನನ್ನು 'ಬ್ಯಾ' ಎಂದು ಕರೆಯುತ್ತಿದ್ದ. "ಏಯ್ ಬ್ಯಾ, ಬುಟ್ಟಿ ತುಂಬೋ."

ಏರಿಯಪ್ಪ ಎನ್ನುವುದು ನಾವು ಇಟ್ಟ ಹೆಸರು. ಅವನು ಸೂಪರ್‌ವೈಸರ್. ಬೆಳಗಿಂದ ಸಂಜೆಯವರೆಗೆ ಕೊಳದ ಏರಿಯ ಮೇಲೆ ನಿಂತಿರುತ್ತಿದ್ದ. ಅವನ ಅಪ್ಪ ನನ್ನ ಅಪ್ಪನ ಜೊತೆ ಇದೇ ಬುಟ್ಟಿ ಹೊತ್ತವನು. ಮಗ ಏರಿ ಏರಿದ. ಏರಿದವನು ಮತ್ತೆ ಇಳಿಯಲಿಲ್ಲ. ಕೆಳಗಿರುವ ನಮ್ಮ ತಲೆಗಳ ಮೇಲೆಯೇ ಎಲೆ ಅಡಿಕೆ ಉಗುಳುತ್ತಿದ್ದ. ನಮ್ಮನ್ನು ನೋಡಿದರೆ ಅವನಿಗೆ ಅವನ ಅಪ್ಪನ ಮುಖ ನೆನಪಾಗುತ್ತಿತ್ತೋ ಏನೋ. ಅದನ್ನೇ ಉಗುಳುತ್ತಿದ್ದ.

ಕೊಳ ಧಣಿಯದು. ಜಾಗವೂ ಧಣಿಯದು. ಇಳಿಜಾರಿನ ದೊಡ್ಡ ಜಾಗ. ಮೇಲಿನ ರಸ್ತೆ, ಅತಿಥಿ ಮನೆಗಳ ತಾರಸಿ, ಕಾರು ನಿಲ್ಲುವ ಅಂಗಳ, ಎಲ್ಲದರ ಮಳೆನೀರೂ ಚರಂಡಿ ಹಿಡಿದು ಕೆಳಗೆ ನುಗ್ಗುತ್ತಿತ್ತು. ಅದನ್ನು ತಡೆದು ನಿಲ್ಲಿಸಲು ಕೊಳ. ಒಂದು ಕಡೆ ಎತ್ತರದ ಏರಿ. ಎದುರು ಕಡೆ ಹುಲ್ಲುಹಾಸು, ಹುಲ್ಲುಹಾಸಿನಾಚೆ ಧಣಿಯ ಬಂಗಲೆ, ಬಂಗಲೆಯ ಕೆಳಗೆ ಕಾರುಗಳ ನೆಲಮಾಳಿಗೆ. ಕೊಳ ತೋಡಿದವರು ನಾವು. ಯಂತ್ರ ಬಂದರೆ ಹುಲ್ಲು ಹಾಳಾಗುತ್ತದೆ ಎಂದು ಧಣಿ ಯಂತ್ರ ಬಿಡಲಿಲ್ಲ. ನಮ್ಮ ಬೆನ್ನು ಅವನಿಗೆ ಹುಲ್ಲಿಗೆ ಸಮ. ಅಲ್ಲ, ಹುಲ್ಲಿಗೂ ಸಮವಲ್ಲ.

ತೋಡಿದ ಮೇಲೆ ವರ್ಷ ವರ್ಷವೂ ಹೂಳು ಎತ್ತಬೇಕು. ಹೂಳು ಅಂದರೆ ಬರೀ ಮಣ್ಣಲ್ಲ. ಮೇಲಿನವರು ಬಿಟ್ಟದ್ದೆಲ್ಲ ಅದರಲ್ಲಿತ್ತು. ಒಡೆದ ಬಾಟಲಿ, ಕಾರಿನ ಎಣ್ಣೆ, ಬ್ಲೇಡು, ಕೊಳೆತ ಬೆಕ್ಕು. ಕರಿ ಅಂಟು. ಬುಟ್ಟಿ ತಲೆಗೇರಿದರೆ ಅದರ ರಸ ಹಣೆಯ ಮೇಲಿಂದ ಕಣ್ಣಿಗೆ, ಕಣ್ಣಿಂದ ಬಾಯಿಗೆ. ಕಾಲ್ಬೆರಳ ಸಂದು ಕೊಳೆಯುತ್ತಿತ್ತು. ಗಾಜು ಕುಯ್ದ ಗಾಯದೊಳಗೆ ಹೂಳು ಕೂತು ಚರ್ಮ ಅದರ ಮೇಲೆಯೇ ಮುಚ್ಚಿಕೊಳ್ಳುತ್ತಿತ್ತು. ನನ್ನ ಎಡಗಾಲಲ್ಲಿ ಈಗಲೂ ಧಣಿಯ ಒಂದಿಷ್ಟು ಆಸ್ತಿ ಇದೆ. ಅಂಗಳದ ನಲ್ಲಿ ನಾವು ಮುಟ್ಟುವ ಹಾಗಿರಲಿಲ್ಲ. ನಾಯಿ ತೊಳೆದು ಮುಗಿದ ಮೇಲೆ ಅದೇ ಪೈಪನ್ನು ಗಾರ್ಡು ನಮ್ಮ ಕಡೆ ತಿರುಗಿಸುತ್ತಿದ್ದ. "ನಾಯಿ ಪಾಡು ಅನ್ನಬೇಡ್ರೋ, ನಾಯಿ ನಮಗಿಂತ ಮುಂದಿದೆ" ಎಂದು ನನ್ನ ಭಾವ ನಗುತ್ತಿದ್ದ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಹೊತ್ತು ಉಸಿರು ಹಿಡಿಯುತ್ತಿದ್ದವನು. ಅದಕ್ಕೇ ಮುಳುಗುವ ಕೆಲಸ ಅವನಿಗೆ, ನಮ್ಮ ಜೊತೆ ಬುಟ್ಟಿ ಹೊರುವುದು ಅಕ್ಕನಿಗೆ.

ಧಣಿಗೆ 'ಹೂ'ವಿನ ದೀರ್ಘ ಬರುವುದಿಲ್ಲ. ಅವನ ಗೋಡೆ ದೀರ್ಘ, ಕಾರು ದೀರ್ಘ, ನಾಲಿಗೆ ಮಾತ್ರ ಹ್ರಸ್ವ. ಹೂಳು ಅನ್ನಲು ಹೋಗಿ ಹುಳು ಅನ್ನುತ್ತಿದ್ದ. ಮಹಡಿಯಿಂದ ಕೂಗುತ್ತಿದ್ದ: "ಹುಳು ತೆಗೆಯೋರು ಬಂದ್ರಾ?" ಗಾರ್ಡುಗಳು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡರು. ಅವರಿಗೆ ನಾವು ಹುಳು ತೆಗೆಯೋರಾದೆವು. ಆಮೇಲೆ ಬರೀ ಹುಳುಗಳಾದೆವು. "ಹುಳುಗಳು ಬಂದ್ವು, ಹಿಂದಿನ ಗೇಟು ತೆಗಿ." ಒಂದು ದೀರ್ಘ ಕಿತ್ತುಕೊಂಡದ್ದಕ್ಕೆ ಮನುಷ್ಯ ಜಾತಿಯಿಂದಲೇ ಹೊರಗೆ.

ಊಟದ ಹೊತ್ತಿಗೆ ನಾನು ಧಣಿಯ ದನಿ ಮಾಡುತ್ತಿದ್ದೆ. ಹೊಟ್ಟೆ ಮುಂದೆ ಮಾಡಿ, ಗಂಟಲು ಮೂಗಿಗೆ ಏರಿಸಿ, "ಈ ಹುಳು ಯಾಕೆ ಇಷ್ಟು ವಾಸನೆ?" ಎಲ್ಲರೂ ಬಿದ್ದು ಬಿದ್ದು ನಗುವರು. ಭಾವ ಮಾತ್ರ ವಿಮರ್ಶಕ. ಧಣಿಯ ಮುಂದಿನ ಹಲ್ಲುಗಳ ನಡುವೆ ಒಂದು ಸಂದಿದೆ. 'ಸ' ಬಂದಾಗೆಲ್ಲ ಅಲ್ಲಿಂದ ಸಣ್ಣ ಸೀಟಿ ಹೊರಡುತ್ತದೆ.

"ಎಲ್ಲಾ ಬಂತು ಬಾಮೈದಾ, ಸೀಟಿ ಒಂದು ಬರ್ಲಿಲ್ಲ," ಅನ್ನುತ್ತಿದ್ದ ಭಾವ. "ದೇವರು ನಿಂಗೆ ಬಾಯ್ತುಂಬ ಹಲ್ಲು ಕೊಟ್ಬಿಟ್ಟಿದಾನೆ. ಅದೇ ನಿನ್ನ ದರಿದ್ರ."

"ಬುಟ್ಟಿ ಅಜ್ಜಿ ಹತ್ರ ಕಡ ತಗೊಳ್ಲಾ?"

"ನನ್ನತ್ರ ಇರೋದೇ ಒಂದಪ್ಪ," ಅನ್ನುತ್ತಿದ್ದಳು ನಮ್ಮ ಗುಂಪಿನ ಹಿರಿಯಳು ಬುಟ್ಟಿ ಅಜ್ಜಿ. "ಅದೂ ಏರಿಯಪ್ಪನ್ನ ಕಚ್ಚೋಕೆ ಅಂತ ಇಟ್ಕೊಂಡಿದೀನಿ."

ಏರಿಯ ನಡುವೆ ತೂಬಿನ ಕಟ್ಟೆ. ಕಟ್ಟೆಯ ಮೇಲೆ ಕಬ್ಬಿಣದ ಚಕ್ರ. ಕೆಳಗೆ ನೀರಿನೊಳಗೆ ಆಳೆತ್ತರದ ಜಾಲರಿ, ಅದರ ಹಿಂದೆ ದೊಡ್ಡ ಕೊಳವೆ. ಚಕ್ರ ತಿರುಗಿಸಿದರೆ ಕೊಳವೆಯ ಬಾಯಿ ತೆರೆಯುತ್ತದೆ. ಕೊಳವಿಡೀ ಜಾಲರಿಯ ಕಡೆ ನುಗ್ಗುತ್ತದೆ. ಎಲೆ, ಪ್ಲಾಸ್ಟಿಕ್ಕು, ಕಡ್ಡಿ ಬಂದು ಜಾಲರಿಗೆ ಕಟ್ಟಿಕೊಂಡರೆ ಒಬ್ಬ ಇಳಿದು ಕೈಯಿಂದ ಕಿತ್ತು ತೆಗೆಯಬೇಕು. ನಿಯಮ ಒಂದೇ. ಆಳು ನೀರಲ್ಲಿದ್ದಾಗ ಚಕ್ರ ಮುಟ್ಟಬಾರದು.

ಕೊಳ ಕಟ್ಟಿಸಿದ ಇಂಜಿನಿಯರು ಕಟ್ಟೆಯ ಗೋಡೆಗೆ ಒಂದು ಕೆಂಪು ಗೆರೆ ಬಳಿಸಿ ಹೋಗಿದ್ದ. ನೀರು ಆ ಗೆರೆಯ ಕೆಳಗೇ ಇರಬೇಕು. ಮೇಲಿನ ಜಾಗ ಬರುವ ಮಳೆಗೆ. ಆ ಖಾಲಿ ಜಾಗ ಧಣಿಯ ಕಣ್ಣಿಗೆ ಚುಚ್ಚುತ್ತಿತ್ತು. ಅವನಿಗೆ ಕೊಳ ಬೇಕಿರಲಿಲ್ಲ, ಕನ್ನಡಿ ಬೇಕಿತ್ತು. ಬಂಗಲೆ ಅದರಲ್ಲಿ ತಲೆಕೆಳಗಾಗಿ ಕಾಣಬೇಕು, ಅತಿಥಿಗಳು ಆಹಾ ಅನ್ನಬೇಕು. ಪಂಪು ಹಾಕಿಸಿ ಅಂಚಿನವರೆಗೆ ತುಂಬಿಸಿಡುತ್ತಿದ್ದ. ಹಾಗಾಗಿ ಜೋರು ಮಳೆ ಬಂದಾಗೆಲ್ಲ ನೀರು ಹುಲ್ಲುಹಾಸಿಗೆ ನುಗ್ಗುವುದು, ಧಣಿ ವಾಕಿಟಾಕಿಯಲ್ಲಿ ಕಿರುಚುವುದು, ಜಾಲರಿ ಕಟ್ಟಿರುವುದು, ಭಾವ ಮುಳುಗುವುದು. ಪ್ರತಿಸಲವೂ ಇದೇ.

ಆ ದಿನವೂ ಅದೇ ಆಯಿತು. ಮಧ್ಯಾಹ್ನ. ಮಳೆ ಕಲ್ಲು ಎಸೆದ ಹಾಗೆ ಬೀಳುತ್ತಿತ್ತು. ಭಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಅವನು ಮುಳುಗಿದ. ಎದ್ದ. ಒಂದು ಹಿಡಿ ಕಸ ದಡಕ್ಕೆ ಎಸೆದ. ಮತ್ತೆ ಮುಳುಗಿದ.

ಏರಿಯಪ್ಪನ ವಾಕಿಟಾಕಿ ಕರಕರ ಎಂದಿತು. ಅವನು ನಮಗೆ ಬೆನ್ನು ಹಾಕಿ ಏನೋ ಹೇಳಿದ. ಮಳೆಯಲ್ಲಿ ಕೇಳಲಿಲ್ಲ. ಮತ್ತೆ ಕರಕರ. ಅವನು ಚಕ್ರದ ಬಳಿ ನಡೆದ. ಎರಡೂ ಕೈ ಹಾಕಿ ತಿರುಗಿಸಿದ.

"ಆಳು ಒಳಗಿದಾನೆ!" ನಾನು ಕಿರುಚಿದೆ. ಅಕ್ಕ ಬುಟ್ಟಿ ಎಸೆದು ಓಡಿದಳು. ಚಕ್ರಕ್ಕೆ ಕೈ ಹಾಕಿದಳು. ಗಾರ್ಡು ಅವಳ ಹೊಟ್ಟೆಗೆ ಒದ್ದ.

ನನ್ನ ಕೈಯ ಹಗ್ಗ ಬಿಗಿಯಿತು. ಅಂಗೈ ಚರ್ಮ ಸುಲಿದುಕೊಂಡು ಹೋಯಿತು. ಎಲ್ಲರೂ ಹಿಡಿದೆವು, ಎಳೆದೆವು. ಇಡೀ ಕೊಳ ಆ ಕಡೆಯಿಂದ ಎಳೆಯುತ್ತಿತ್ತು. ಹಗ್ಗ ಹರಿಯಿತು. ನಾವು ಒಬ್ಬರ ಮೇಲೊಬ್ಬರು ಬಿದ್ದೆವು. ಹುಲ್ಲುಹಾಸಿನಿಂದ ನೀರು ಇಳಿದ ಮೇಲೂ ಏರಿಯಪ್ಪ ಕೊಳವೆ ಮುಚ್ಚಲಿಲ್ಲ.

ಕೊಳ ಖಾಲಿಯಾದಾಗ ಭಾವ ಕಂಡ. ಜಾಲರಿಗೆ ಎಲೆ ಅಂಟಿದ ಹಾಗೆ ಅಂಟಿದ್ದ. ಒಂದು ತೋಳು ಕಂಬಿಗಳ ನಡುವೆ ಹೋಗಿ ಹಿಂದಕ್ಕೆ ಮಡಚಿಕೊಂಡಿತ್ತು. ಅಕ್ಕ ಹೂಳಿನಲ್ಲಿ ತೆವಳಿಕೊಂಡು ಹೋದಳು. ಜಾಲರಿಯಿಂದ ಕಸ ಕೀಳುವ ಹಾಗೆಯೇ ಗಂಡನನ್ನು ಕಿತ್ತಳು. ಮುಖದ ಮೇಲೆ ಕಂಬಿಗಳ ಗುರುತು ಉದ್ದಕ್ಕೂ ಮೂಡಿತ್ತು. ಜೈಲಿನೊಳಗಿಂದ ಇಣುಕುವವನ ಹಾಗೆ.

ಪೊಲೀಸರು ಬಂದು ಕಾಲು ಜಾರಿ ಸತ್ತ ಅಂದರು. ಜಾರಿದ್ದು ಕಾಲಲ್ಲ, ಜಾರಿಯಾದದ್ದು ಆದೇಶ ಅಂದೆ. ಒಬ್ಬ ಪೇದೆ ನನ್ನ ಕೆನ್ನೆಗೆ ಕೊಟ್ಟ. ಶ್ಲೇಷೆ ಅವನಿಗೆ ಅರ್ಥವಾಗಿತ್ತು ಅಂತಾಯಿತು.

ಹೆಣ ಹೊತ್ತು ಮುಂದಿನ ಗೇಟಿನ ಎದುರು ಕೂತೆವು. ಆ ಗೇಟನ್ನು ಅಷ್ಟು ಹತ್ತಿರದಿಂದ ನಾವು ನೋಡಿದ್ದು ಅದೇ ಮೊದಲು. ಗಾರ್ಡುಗಳು ಕಬ್ಬಿಣದ ಪೈಪು ಹಿಡಿದು ಬಂದರು. ತಲೆ, ಮೊಣಕಾಲು, ಬೆನ್ನು, ಸಿಕ್ಕಿದಲ್ಲಿ. ಬುಟ್ಟಿ ಅಜ್ಜಿಯ ಮಣಿಕಟ್ಟು ಮುರಿಯಿತು. ಹೆಣಕ್ಕೂ ಏಟು ಬಿತ್ತು. ಬದುಕಿರುವವರಿಗೆ ಬೀಳುವ ಏಟಿನ ಸದ್ದು ಬೇರೆ, ಸತ್ತವನಿಗೆ ಬೀಳುವ ಏಟಿನ ಸದ್ದು ಬೇರೆ. ನಾನು ಎಲ್ಲ ಸದ್ದನ್ನೂ ಅಣಕಿಸುತ್ತೇನೆ. ಅದೊಂದನ್ನು ಈವರೆಗೆ ಮಾಡಿಲ್ಲ.

ಹೂಳು ಎತ್ತಿದವನನ್ನು ಹೂಳಿದೆವು. ಎರಡಕ್ಕೂ ಪದ ಒಂದೇ ನೋಡಿ. ಭಾಷೆಯೂ ಧಣಿಗಳ ಕಡೆಯೇ.

ಮತ್ತೆ ಕೆಲಸಕ್ಕೆ ಹೋದೆವು. ಯಾಕೆ ಅಂತ ಕೇಳುವವರಿಗೆ ಹೇಳುತ್ತೇನೆ. ನಮ್ಮ ಗುಡಿಸಲುಗಳು ನಿಂತಿರುವುದು ಧಣಿಯ ಹಿಂಗೋಡೆಯ ಆಚೆ, ಧಣಿಯ ನೆಲದಲ್ಲಿ. ಬಾರದವರ ಮನೆ ಕೆಡವಲು ಯಂತ್ರ ತರಿಸುತ್ತೇನೆ ಎಂದು ಹೇಳಿಕಳಿಸಿದ. ಕೊಳ ತೋಡಲು ಬಾರದ ಯಂತ್ರ ಮನೆ ಕೆಡವಲು ಬರುತ್ತದೆ.

ಮುಂದಿನ ದೊಡ್ಡ ಮಳೆ ಹಗಲಲ್ಲೇ ಬಂತು. ಕೊಳ ಅಂಚಿನವರೆಗೆ ತುಂಬಿತ್ತು, ಕೆಂಪು ಗೆರೆ ಕಾಣುತ್ತಲೇ ಇರಲಿಲ್ಲ. ಜಾಲರಿ ಕಟ್ಟಿತ್ತು. ಗಾರ್ಡುಗಳೆಲ್ಲ ನೆಲಮಾಳಿಗೆಯಿಂದ ಕಾರು ಹೊರಗೆ ತಳ್ಳಲು ಓಡಿದ್ದರು. ಏರಿಯ ಮೇಲೆ ಏರಿಯಪ್ಪ ಒಬ್ಬ, ಕೆಳಗೆ ನಾವು.

"ಯಾರು ಇಳೀತೀರಿ?"

ಯಾರೂ ಅಲುಗಲಿಲ್ಲ.

"ಕಿವಿಗೂ ಹೂಳು ತುಂಬಿದ್ಯಾ? ಯಾರಾದ್ರೂ ಇಳೀರಿ."

"ಇಳಿಯಲ್ಲ," ಅಂದಳು ಅಕ್ಕ.

"ಏನಂದೆ?"

"ಇಳಿಯಲ್ಲ ಅಂದೆ. ಕೇಳಿಸ್ಲಿಲ್ವಾ? ನಾನಿಳಿಯಲ್ಲ, ನನ್ನ ತಮ್ಮ ಇಳಿಯಲ್ಲ, ಅಜ್ಜಿ ಇಳಿಯಲ್ಲ. ಮನೆ ಕೆಡವ್ತೀಯಾ? ಕೆಡವು. ನಾವು ಒಳಗೇ ಕೂತಿರ್ತೀವಿ."

ಅವನು ನೀರಿನ ಆಳ ನೋಡುವ ಬಿದಿರು ಗಳ ಎತ್ತಿಕೊಂಡು ಕೆಳಗೆ ಬಂದ. ನಾನು ಅಕ್ಕನ ಮುಂದೆ ನಿಂತೆ. ನಾಲಿಗೆ ಸುಮ್ಮನಿರಲಿಲ್ಲ. "ಅಣ್ಣಾ, ಏರಿದ್ದು ಸಾಕು. ಒಂದ್ಸಲ ನೀನೇ ಇಳಿ. ನಿಮ್ಮಪ್ಪಂಗೆ ಚೆನ್ನಾಗಿ ಬರ್ತಿತ್ತು."

ಗಳ ನನ್ನ ಬಾಯಿಗೆ ಬಿತ್ತು. ಕಣ್ಣು ಕತ್ತಲಾಯಿತು. ಇನ್ನೊಂದು ಏಟು ಕುತ್ತಿಗೆಗೆ. ಬಿದ್ದವನ ಪಕ್ಕೆಗೆ ಬೂಟು. "ನಮ್ಮಪ್ಪನ ಸುದ್ದಿ ಎತ್ತುತೀಯಾ? ಎತ್ತುತೀಯಾ ಬ್ಯಾ?" ಪ್ರತಿ 'ಎತ್ತುತೀಯಾ'ಗೂ ಒಂದು ಒದೆತ. ಅಕ್ಕ ಅವನ ಕೈ ಕಚ್ಚಿದಳು. ಅಜ್ಜಿ ಮುರಿದ ಕೈಯಲ್ಲೇ ಹೂಳು ಬಾಚಿ ಅವನ ಮುಖಕ್ಕೆ ಹೊಡೆದಳು. ಅವನು ಉಗುಳಿಕೊಂಡು ಮತ್ತೆ ಏರಿ ಹತ್ತಿದ. ಅವನಿಗೆ ಗೊತ್ತಿದ್ದ ಜಾಗ ಅದೊಂದೇ.

ನಾನು ತೆವಳಿಕೊಂಡು ಏರಿಯ ತುದಿಯ ಪಂಪಿನ ಕೋಣೆಗೆ ಹೋದೆ. ರಕ್ತ ಉಗುಳಿದೆ. ರಕ್ತದ ಜೊತೆ ಮುಂದಿನ ಹಲ್ಲು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬೈದೆ.

"ಸೂಳೇಮಗ..."

ಬಾಯಿಂದ ಸೀಟಿ ಬಂತು.

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಹೇಳಿದೆ. ಸ. ಸಾ. ಸಿ. ಪ್ರತಿ ಸಲವೂ ಸಣ್ಣ, ಚೂಪು, ಶ್ರೀಮಂತ ಸೀಟಿ. ಭಾವ ಇದ್ದಿದ್ದರೆ ಶಹಬ್ಬಾಸ್ ಅನ್ನುತ್ತಿದ್ದ.

ಗೋಡೆಯ ಹಲಗೆಯ ಮೇಲೆ ಗಾರ್ಡಿನ ವಾಕಿಟಾಕಿ ಚಾರ್ಜಿಗೆ ಕೂತಿತ್ತು. ಧಣಿ ತನ್ನದನ್ನು ತಾನು ಮಾತಾಡುವಾಗ ಮಾತ್ರ ಹಚ್ಚುತ್ತಿದ್ದ. ಬೇರೆಯವರ ಮಾತು ಕೇಳುವ ಚಟ ಅವನಿಗಿರಲಿಲ್ಲ. ನಾನು ಗುಂಡಿ ಒತ್ತಿದೆ. ಹೊಟ್ಟೆ ಮುಂದೆ ಮಾಡಿದೆ. ಪಕ್ಕೆ ಚುಚ್ಚಿತು.

"ಸ್ಸೂಪರ್‌ವೈಸ್ಸರ್."

ಬಾಗಿಲ ಸಂದಿನಿಂದ ನೋಡಿದೆ. ಏರಿಯಪ್ಪ ನೆಟ್ಟಗಾದ. ಶರ್ಟಿನ ಗುಂಡಿ ಹಾಕಿಕೊಂಡ. "ಧಣಿ!"

"ಹುಳು ಇಳಿದವಾ?"

"ಮೊಂಡು ಬಿದ್ದಿದಾವೆ ಧಣಿ. ಸರಿಯಾಗಿ ಕೊಟ್ಟಿದೀನಿ. ಆದ್ರೂ ಇಳೀತಿಲ್ಲ."

"ಹಾಗಾದ್ರೆ ನೀನು ಇಳಿ."

"ನಾನಾ?"

"ನೀನಲ್ಲದೆ ನಾನಾ? ನಾನು ಕಿಟಕಿಯಿಂದ ನೋಡ್ತಾ ಇದೀನಿ. ಎಲ್ಲಿ, ಕೈ ಬೀಸ್ಸು."

ಏರಿಯಪ್ಪ ಬಂಗಲೆಯ ಕಡೆ ತಿರುಗಿ ಮಳೆಯಲ್ಲಿ ಕೈ ಬೀಸಿದ. ಎರಡು ಕೈ. ಬೂಟು ಕಳಚಿ ಜೋಡಿಸಿಟ್ಟ. ವಾಕಿಟಾಕಿಯನ್ನು ಅಜ್ಜಿಯ ಕೈಗೆ ಕೊಟ್ಟ. "ನೀರು ತಾಗಿಸ್ಬೇಡ ಮುದುಕಿ."

"ಹಗ್ಗ ಕಟ್ಕೊಳಪ್ಪ," ಅಂದಳು ಅಜ್ಜಿ.

"ನಾನೇನು ಹುಳುವಾ?"

ಇಳಿದ. ಜಾಲರಿಯ ಬಳಿ ಹೂಳು ಗುಡ್ಡೆ ಬಿದ್ದಿತ್ತು, ನೀರು ಕತ್ತಿನವರೆಗೆ ಬಂತು. ಕಾಲು ಹೂಳಿಗೆ ಇಳಿಯಿತು. ಮೊಣಕಾಲು, ತೊಡೆ. ಹೂಳಿನಲ್ಲಿ ಸಿಕ್ಕಿದವನು ಒದ್ದಾಡಬಾರದು. ಅವನ ಅಪ್ಪ ಅವನಿಗೆ ಹೇಳಿರಬೇಕು. ಮರೆತಿದ್ದ. ಒದ್ದಾಡಿದ. ಗದ್ದ ನೀರಿಗೆ ತಾಗಿತು. ಕಂಬಿ ಹಿಡಿದು ನಿಂತ.

ನಾನು ಕೋಣೆಯಿಂದ ಹೊರಬಂದು ಅಂಚಿನಲ್ಲಿ ನಿಂತೆ. ವಾಕಿಟಾಕಿ ಕೆಳಗಿಟ್ಟೆ. ಬಾಯಿಂದಲೇ ಹೇಳಿದೆ: "ಏನು ಸ್ಸೂಪರ್‌ವೈಸ್ಸರ್, ಹುಳು ಸ್ಸಿಕ್ತಾ?"

ಅವನು ತಲೆಯೆತ್ತಿದ. ನನ್ನ ಬಾಯಿ ನೋಡಿದ. ಬಾಯಿಯ ತೂತು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಲೋ! ನಿನ್ನ ಚರ್ಮ ಸುಲೀತೀನಿ! ನಿಮ್ಮ ವಂಶ ಇಲ್ಲದಂಗೆ ಮಾಡ್ತೀನಿ! ಕೈ ಕೊಡೋ ಮೊದ್ಲು!"

ಯಾರೂ ಕೈ ಕೊಡಲಿಲ್ಲ. ಯಾರೂ ನಗಲೂ ಇಲ್ಲ. ಅಕ್ಕ ಕಟ್ಟೆಯ ಮೇಲೆ ನಡೆದು ಹೋಗಿ ಚಕ್ರ ಹಿಡಿದಳು.

ನಾನು ಬರೀ ತಮಾಷೆಗೆ ಎಂದುಕೊಂಡಿದ್ದೆ. ಅಕ್ಕ ತಮಾಷೆಗೆ ಬಂದಿರಲಿಲ್ಲ.

"ಅವತ್ತು ಅವರು ನೀರಲ್ಲಿದ್ದಿದ್ದು ನಿಂಗೆ ಗೊತ್ತಿತ್ತಾ?" ಕೇಳಿದಳು.

"ಗೊತ್ತಿರ್ಲಿಲ್ಲ ತಂಗೀ."

ಅಕ್ಕ ಚಕ್ರ ಸ್ವಲ್ಪ ತಿರುಗಿಸಿದಳು. ಕೊಳವೆ ಗೊರಕೆ ಹೊಡೆಯಿತು. ಏರಿಯಪ್ಪನ ಎದೆ ಕಂಬಿಗೆ ಬಡಿಯಿತು. ಮೂಗು ಕಂಬಿಗೆ ಅಪ್ಪಳಿಸಿ ರಕ್ತ ಚಿಮ್ಮಿತು. ಬಾಯಿಗೆ ನೀರು ನುಗ್ಗಿತು. ಅವನು ಕೂಗಿದ್ದು ಮನುಷ್ಯನ ಕೂಗಾಗಿರಲಿಲ್ಲ.

"ಗೊತ್ತಿತ್ತು! ಗೊತ್ತಿತ್ತು ತಾಯಿ! ಧಣಿಗೆ ಹೇಳ್ದೆ! ಆಳು ಒಳಗಿದಾನೆ ಅಂದೆ! ತೆಗಿ ಅಂದ್ರು! ನಾನೇನು ಮಾಡ್ಲಿ? ಅವರ ಮಾತು, ನನ್ನ ಕೈ!"

"ಕೈ ನಿಂದೇ ತಾನೇ?"

ಅವನ ಬಾಯಿ ನೀರಿನ ಮಟ್ಟಕ್ಕಿತ್ತು. ಅಕ್ಕನ ಕೈಯ ನರಗಳು ಎದ್ದಿದ್ದವು. ಇನ್ನೊಂದು ಸುತ್ತು ಸಾಕಿತ್ತು. ನಾನು ಅಕ್ಕಾ ಅನ್ನಲಿಲ್ಲ. ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ಬಾಯಿಯ ರಕ್ತ ನಿಲ್ಲಿಸಲು ಟವೆಲ್ಲು ಒಳಗೆ ತುರುಕಿಕೊಂಡು ನಿಂತೆ.

ಅಷ್ಟರಲ್ಲಿ ಅಜ್ಜಿಯ ಕೈಯಲ್ಲಿ ವಾಕಿಟಾಕಿ ಕರಕರ ಎಂದಿತು.

"ಯಾಕೆ ಸ್ಸುಮ್ನಿದೀರಿ? ನೀರು ಮೆಟ್ಟಿಲು ಹತ್ತಿದೆ. ತೂಬು ತೆಗೀರಿ, ಪೂರ್ತಿ."

ಅಜ್ಜಿ ಬೆಚ್ಚಿ ಗುಂಡಿ ಒತ್ತಿದಳು. ಜೀವಮಾನದಲ್ಲಿ ಮೊದಲ ಸಲ ಧಣಿಯ ಜೊತೆ ಮಾತಾಡಿದಳು. "ಸೂಪರ್‌ವೈಸರ್ ಒಳಗಿದಾರೆ ಧಣಿ. ಜಾಲರಿ ಹತ್ರ. ತೆಗೆದ್ರೆ ಸತ್ತೋಗ್ತಾರೆ."

"ಲೋ ಬ್ಯಾ, ಸಾಕು ನಿಲ್ಸೋ!" ಏರಿಯಪ್ಪ ಕೆಳಗಿಂದ ಕೆಮ್ಮಿದ. "ಸಾಯೋ ಹೊತ್ನಲ್ಲೂ ನಿನ್ನ ಮಿಮಿಕ್ರಿನಾ?"

ವಾಕಿಟಾಕಿ ಕೇಳಿತು: "ಯಾವ ಸ್ಸೂಪರ್‌ವೈಸ್ಸರ್?"

ಏರಿಯಪ್ಪ ನನ್ನ ಕಡೆ ನೋಡಿದ. ನನ್ನ ಬಾಯಿಯ ತುಂಬ ಟವೆಲ್ಲಿತ್ತು. ಎರಡೂ ಕೈ ಖಾಲಿ ಇದ್ದವು. ಅವನು ನೋಡುತ್ತಲೇ ಇದ್ದ.

"ಅದೇ ಧಣಿ," ಅಂದಳು ಅಜ್ಜಿ, "ಏರಿ ಮೇಲೆ ನಿಂತಿರ್ತಾರಲ್ಲ, ಅವರು."

"ಓ, ಆ ಹುಳುನಾ? ಹೋದ್ರೆ ಹೋಗ್ಲಿ, ಬೇರೆ ಹುಳು ಸ್ಸಿಗುತ್ತೆ. ತೆಗಿ."

ಸೀಟಿ ಚೊಕ್ಕವಾಗಿತ್ತು. ನಾನು ಸತ್ತರೂ ಅಷ್ಟು ಚೆನ್ನಾಗಿ ಮಾಡಲಾರೆ.

ಅಕ್ಕ ಚಕ್ರ ತಿರುಗಿಸಿದಳು. ಹಿಂದಕ್ಕೆ. ಕೊಳವೆ ಮುಚ್ಚುವ ತನಕ ತಿರುಗಿಸಿದಳು. ಆಮೇಲೆ ಮೇಲಿನ ಕೀಲು ಕಲ್ಲಿನಿಂದ ಹೊಡೆದು ಕಿತ್ತಳು. ಚಕ್ರವನ್ನು ಎದೆಗವಚಿ ಎತ್ತಿ, ಕೊಳದ ನಡುವೆ ಎಸೆದಳು. ಧಡಾರ್ ಎಂದಿತು.

"ಇನ್ಮೇಲೆ ಧಣೀನೇ ಮುಳುಗಿ ಹುಡುಕ್ಲಿ," ಅಂದಳು.

ಎದುರು ದಡದಲ್ಲಿ ನೀರು ಹುಲ್ಲುಹಾಸು ದಾಟಿ ಬಂಗಲೆಯ ಬಾಗಿಲು ಹೊಕ್ಕಿತು. ಕಾರೊಂದು ತನ್ನಷ್ಟಕ್ಕೇ ತೇಲಿಕೊಂಡು ಹಾರ್ನು ಹೊಡೆಯತೊಡಗಿತು. ವಾಕಿಟಾಕಿ ಕಿರುಚುತ್ತಿತ್ತು. ಅಜ್ಜಿ ಅದನ್ನು ಏರಿಯಪ್ಪನ ಬೂಟಿನೊಳಗೆ ತುರುಕಿದಳು. ಅದು ಬೂಟಿನೊಳಗಿಂದಲೂ ತೆಗಿ ತೆಗಿ ಅನ್ನುತ್ತಿತ್ತು. ಅಜ್ಜಿಗೆ ನಗು ಬಂತು. ಅಕ್ಕನಿಗೆ ಬಂತು, ಅಳುವಿನ ಹಿಂದೆಯೇ. ನಾನು ಟವೆಲ್ಲು ಕಿತ್ತು ನಕ್ಕೆ, ಸೀಟಿ ಹೊಡೆದುಕೊಂಡು.

ನಾನು ಏರಿಯಪ್ಪನಿಗೆ ಹಗ್ಗ ಎಸೆದೆ. ಹಗ್ಗ ಅವನ ಮುಖದ ಮುಂದೆಯೇ ಬಿತ್ತು. ಅವನು ಹಿಡಿಯಲಿಲ್ಲ. ತಲೆ ಹಿಂದಕ್ಕೆ ಹಾಕಿದ್ದ. ಮೂಗಿನ ರಕ್ತ ಗದ್ದದಲ್ಲಿ ಮಳೆಯ ಜೊತೆ ಇಳಿಯುತ್ತಿತ್ತು. ಬಾಯಿಂದ ಏನೋ ಸದ್ದು ಹೊರಟಿತು. ಮೊದಲು ವಾಂತಿ ಎಂದುಕೊಂಡೆವು.

"ಯಾವ ಸೂಪರ್‌ವೈಸರ್ ಅಂತೆ ಕಣ್ರೋ," ಅಂದ. "ಯಾವ... ಸೂಪರ್‌ವೈಸರ್... ಅಂತೆ!"

ಹಗ್ಗ ಹಿಡಿಯಲೂ ಕೈ ಬಾರದ ಹಾಗೆ, ಕತ್ತಿನವರೆಗೆ ಹೂಳುನೀರಲ್ಲಿ, ಮುರಿದ ಮೂಗಿನಿಂದ, ಕೆಳಗಿನಿಂದ, ನಮ್ಮೆಲ್ಲರಿಗಿಂತ ಜೋರಾಗಿ ಅವನು ನಗುತ್ತಿದ್ದ.